ಇಜಿಆರ್ ವಾಲ್ವ್ ಮನೆಯಲ್ಲೇ ತೊಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಆಲ್ದೂರು ಕಡೆ ಒಂದಿಷ್ಟು ಕಾಫಿ, ಮೆಣಸು ಇದೆ. ಒಂದು ಡೀಸೆಲ್ ಜೀಪು, ಒಂದು ಪಿಕಪ್ ಇದೆ. ಚಿಕ್ಕಮಗಳೂರಿಗೆ ಗಾಡಿ ಬಿಟ್ಟು ಬರುವುದೆಂದರೆ ಒಂದು ದಿನದ ಕೆಲಸ ಕೆಟ್ಟ ಹಾಗೆ. ಅದಕ್ಕೇ ಕೈಗೆ ಎಟಕುವ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಇದು ಹೇಗೋ ಸುತ್ತಮುತ್ತ ಗೊತ್ತಾಗಿಬಿಟ್ಟಿದೆ. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಗೇಟಿನಲ್ಲಿ ಕಾಯುವಾಗ, ಮದುವೆ ಊಟದ ಪಂಕ್ತಿಯಲ್ಲಿ, ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ, ಸಕಲೇಶಪುರದ ಕಡೆಯಿಂದ ಬಂದ ಎರಡು ಕಾಗದಗಳಲ್ಲೂ ಇವೇ ಪ್ರಶ್ನೆಗಳು. ಕೇಳಿದವರ ಮಾತನ್ನು ಹಾಗೇ ಉಳಿಸಿದ್ದೇನೆ.

## ಮೊದಲಿಗೆ

ಈ ಇಜಿಆರ್ ಅಂದ್ರೆ ಏನು ಸಾರ್? ಯಾವ ಗ್ಯಾರೇಜಿಗೆ ಹೋದ್ರೂ ಅದರ ಹೆಸರೇ ಹೇಳ್ತಾರೆ.

ಇಂಜಿನ್ನಿಂದ ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ಸು ಇಂಜಿನ್ನಿಗೇ ಕಳಿಸುವ ವ್ಯವಸ್ಥೆ ಇದು. ಎಷ್ಟು ಕಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಬಾಗಿಲೇ ಇಜಿಆರ್ ವಾಲ್ವ್. ಗದ್ದೆಗೆ ನೀರು ಬಿಡುವ ತೂಬಿನ ಹಾಗೆ ಅಂದುಕೊಳ್ಳಿ. ತೂಬಿಗೆ ಕೆಸರು ಕಟ್ಟಿದರೆ ಪೂರ್ತಿ ತೆರೆಯುವುದಿಲ್ಲ, ಪೂರ್ತಿ ಮುಚ್ಚುವುದೂ ಇಲ್ಲ ಅಲ್ವಾ? ಇಲ್ಲಿ ಕೆಸರಿನ ಬದಲು ಮಸಿ.

ಹೊಗೆಯನ್ನೇ ಮತ್ತೆ ಇಂಜಿನ್ನಿಗೆ ಕುಡಿಸೋದು ಯಾವ ಬುದ್ಧಿವಂತಿಕೆ ಮಾರಾಯ್ರೇ?

ನನಗೂ ಮೊದಲು ಹಾಗೇ ಅನ್ನಿಸಿತ್ತು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಸಾಮಾನ್ಯವಾಗಿ ಅದು ತನ್ನ ಪಾಡಿಗೆ ಇರುತ್ತದೆ. ಆದರೆ ಸಿಲಿಂಡರ್ ಒಳಗಿನ ಉರಿ 1,500 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದೂ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಉಸಿರಾಟಕ್ಕೆ ಕೆಟ್ಟ ಅನಿಲ ಅದು. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದನ್ನು ಸ್ವಲ್ಪ ಬೆರೆಸಿದರೆ ಉರಿಯ ಬಿಸಿ ಇಳಿಯುತ್ತದೆ, ಈ ಅನಿಲವೂ ಕಡಿಮೆಯಾಗುತ್ತದೆ. ಒಲೆ ಜಾಸ್ತಿ ಉರಿದರೆ ಬೂದಿ ಮುಚ್ಚುತ್ತೇವಲ್ಲ, ಅದೇ ಲೆಕ್ಕ.

ನಮ್ಮಪ್ಪನ ಕಾಲದ ಜೀಪಿಗೂ ಇದು ಇದ್ಯಾ?

ಮೆಕ್ಯಾನಿಕಲ್ ಪಂಪಿನ ಹಳೇ ಜೀಪುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಕಾಮನ್ ರೈಲ್ ಇಂಜಿನ್ (ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನೋಡಿಕೊಳ್ಳುವಂಥದ್ದು) ಬಂದ ಮೇಲಿನ ಗಾಡಿಯಾದರೆ ಇದೆ ಎಂದೇ ತಿಳಿಯಿರಿ. ಗಾಡಿ ಹೊಗೆಗೆ ಸರ್ಕಾರ ಹಾಕಿದ ಮಿತಿಗಳಲ್ಲಿ, ದೇಶದಾದ್ಯಂತ ಬಿಎಸ್4 ಬಂದದ್ದು 2017ರ ಏಪ್ರಿಲ್ 1ರಿಂದ, ಬಿಎಸ್6 ಬಂದದ್ದು 2020ರ ಏಪ್ರಿಲ್ 1ರಿಂದ. ಆ ಕಾಲದ ಡೀಸೆಲ್ ಗಾಡಿ ಇದ್ದರೆ ಹುಡುಕಿ, ಸಿಗುತ್ತದೆ.

ತಮ್ಮನ ಕಾರು ದಿನಾ ಬೆಂಗಳೂರು ರೋಡಲ್ಲಿ ಓಡುತ್ತೆ, ಏನೂ ಆಗಿಲ್ಲ. ನಮ್ಮ ತೋಟದ ಜೀಪಿಗೆ ಮಾತ್ರ ಯಾಕೆ ಈ ಕಾಟ?

ಓಡಿಸುವ ರೀತಿಯೇ ಕಾರಣ. ಗಾಡಿ ಸುಮ್ನೆ ಆನ್ ಆಗಿ ನಿಂತಿದ್ದಾಗ, ನಿಧಾನ ಹೋಗುವಾಗ ಇಜಿಆರ್ ತೆರೆದಿರುತ್ತದೆ. ಪೆಡಲ್ ಪೂರ್ತಿ ಒತ್ತಿ ಭಾರ ಎಳೆಯುವಾಗ ಮುಚ್ಚಿಕೊಳ್ಳುತ್ತದೆ.

ಈಗ ತೋಟದ ಜೀಪಿನ ದಿನಚರಿ ನೋಡಿ. ಬೆಳಿಗ್ಗೆ ಮಂಜಿನಲ್ಲಿ ಸ್ಟಾರ್ಟ್. ಎರಡನೇ ಗೇರಿನಲ್ಲಿ ಲೈನ್ ಮನೆಗಳ ತನಕ. ಆಳುಗಳು ಹತ್ತುವವರೆಗೆ ಇಂಜಿನ್ ಆನ್. ಅಲ್ಲಿಂದ ಒಂದು ಕಿಲೋಮೀಟರ್ ಹಣ್ಣು ಕೊಯ್ಯುವ ಬ್ಲಾಕಿಗೆ. ಮತ್ತೆ ಮೂಟೆ ಹೇರುವವರೆಗೆ ಆನ್. ಸಂಜೆವರೆಗೂ ಹೀಗೇ. ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಇಜಿಆರ್ ಮಾತ್ರ ಹೊಗೆ ಬಿಡುತ್ತಲೇ ಇರುತ್ತದೆ. ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ಅದೇ ದಾರಿಯಲ್ಲಿ ಸೇರಿಕೊಳ್ಳುತ್ತದೆ. ಒಣ ಮಸಿಗೆ ಎಣ್ಣೆ ಬೆರೆತರೆ ಅಂಟು.

ನನ್ನ ಜೀಪಿನದನ್ನು ಮೊದಲ ಸಲ ಬಿಚ್ಚಿದಾಗ, ಎರಡು ಬೆರಳು ಹೋಗಬೇಕಾದ ತೂತಿನಲ್ಲಿ ಕಿರುಬೆರಳು ಕಷ್ಟಪಟ್ಟು ಹೋಯಿತು. ಸೈಲೆನ್ಸರ್ ಕಡೆಯ ಮಸಿ ಮುಟ್ಟಿದರೆ ಪುಡಿಪುಡಿ. ಗಾಳಿ ಬರುವ ಕಡೆಯದು ಜೋನಿಬೆಲ್ಲದ ಹಾಗೆ ಬೆರಳಿಗೆ ಎಳೆ ಎಳೆಯಾಗಿ ಹತ್ತಿತು.

## ಕಾಯಿಲೆ ಇದೇನಾ, ಬೇರೆಯಾ?

ಇಜಿಆರ್ ಕೆಟ್ಟಿದೆ ಅಂತ ಓಡಿಸುವಾಗಲೇ ಗೊತ್ತಾಗುತ್ತಾ?

ಹೇಗೆ ಕೆಟ್ಟಿದೆ ಅನ್ನುವುದರ ಮೇಲೆ. ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಚೆನ್ನಾಗಿ ಗೊತ್ತಾಗುತ್ತದೆ. ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಪೆಡಲ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ನಿಂತಲ್ಲಿ ನಡುಗುತ್ತದೆ, ಕೆಲವು ಸಲ ಆಫ್ ಆಗುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಡೀಸೆಲ್ ಗಾಡಿಯಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಗಾಡಿ ಇನ್ನೂ ಚುರುಕಾಗಿದೆ ಅನ್ನಿಸಬಹುದು. ಮೀಟರ್ ಬೋರ್ಡಿನಲ್ಲಿ ಇಂಜಿನ್ ಲೈಟು ಹತ್ತಿದಾಗಲೇ ತಿಳಿಯುವುದು.

ಕಪ್ಪು ಹೊಗೆ ಬರ್ತಿದೆ. ನೇರ ಇಜಿಆರ್ ಬಿಚ್ಚಿಬಿಡ್ಲಾ?

ಬೇಡ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಫೆಬ್ರವರಿ, ಮಾರ್ಚಿನ ತೋಟದ ರಸ್ತೆಯ ಕೆಂಪು ಧೂಳಿಗೆ ಫಿಲ್ಟರ್ ಕಟ್ಟುವುದು ತೀರಾ ಮಾಮೂಲು. ಆಮೇಲೆ ಗಾಳಿ ಒತ್ತಿ ತುಂಬುವ ಟರ್ಬೋದಿಂದ ಇಂಜಿನ್ನಿಗೆ ಬರುವ ರಬ್ಬರ್ ಪೈಪು ನೋಡಿ. ಕ್ಲಾಂಪಿನ ಹತ್ತಿರ ಸೀಳಿದ್ದರೆ ಏರಿನಲ್ಲಿ ಉಸ್ ಎಂಬ ಶಬ್ದ, ಅದರ ಹಿಂದೆಯೇ ಕಪ್ಪು ಹೊಗೆ. ಸೀಳಿದ ಕಡೆ ಹೊರಗೆ ಎಣ್ಣೆ ಪಸೆ ಇರುತ್ತದೆ. ಡೀಸೆಲ್ ಸಿಂಪಡಿಸುವ ಇನ್‌ಜೆಕ್ಟರ್ ಕೆಟ್ಟರೂ ಹೊಗೆ ಇದೇ ಬಣ್ಣದ್ದು. ಇಜಿಆರ್ ತೊಳೆಯುವುದು ಬರೀ ಪಾತ್ರೆ ತೊಳೆಯುವ ಕೆಲಸ. ತೊಳೆಯಬೇಕಾದ್ದು ಇದೇನಾ ಎಂದು ಕಂಡುಹಿಡಿಯುವುದೇ ನಿಜವಾದ ರಿಪೇರಿ. ನನ್ನ ಹತ್ತಿರ ಬಂದ ಕಪ್ಪು ಹೊಗೆಯ ಗಾಡಿಗಳಲ್ಲಿ ಎಷ್ಟೋ ಸಲ ಫಿಲ್ಟರ್ ಬದಲಿಸಿದ ಮೇಲೆ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಬಿಳಿ ಹೊಗೆ, ನೀಲಿ ಹೊಗೆ ಬೇರೆ ಕಥೆ. ನೀಲಿ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯದ್ದನ್ನು ಮುಂದೆ ಕೂಲಂಟ್ (ಇಂಜಿನ್ ತಣಿಸುವ ದ್ರವ) ಪ್ರಶ್ನೆಯಲ್ಲಿ ಹೇಳಿದ್ದೇನೆ.

ಸ್ಕ್ಯಾನರ್ ಹಾಕಿದ್ರೆ ಪಿ0401 ಅಂತ ಬಂತು. ವಾಲ್ವ್ ಹೋಯ್ತು ಅಂತಾನಾ?

ಹೋಯ್ತು ಅಂತ ಅಲ್ಲ. ಇವು ಗಾಡಿಯ ಕಂಪ್ಯೂಟರ್ ಬರೆದಿಡುವ ದೋಷದ ಕೋಡ್‌ಗಳು. ಪಿ0401 ಅಂದರೆ ಬರಬೇಕಾದಷ್ಟು ಹೊಗೆ ಬರುತ್ತಿಲ್ಲ. ಮಸಿ ಕಟ್ಟಿದಾಗ ಬರುವ ಕೋಡ್ ಇದು. ಪಿ0402 ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ, ಅಂದರೆ ವಾಲ್ವ್ ಮುಚ್ಚುತ್ತಿಲ್ಲ. ಈ ಎರಡಕ್ಕೂ ತೊಳೆದರೆ ಗುಣ ಕಾಣುವ ಸಾಧ್ಯತೆ ಚೆನ್ನಾಗಿದೆ. ಪಿ0403 ಮಾತ್ರ ಕರೆಂಟಿನ ಕಡೆಯದು: ವೈರು, ಕನೆಕ್ಟರ್ ಅಥವಾ ಒಳಗಿನ ಕಾಯಿಲ್. ಅದಕ್ಕೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಪಿ0404 ಬಂದರೆ ವಾಲ್ವ್ ಹೇಳಿದಷ್ಟು ಚಲಿಸುತ್ತಿಲ್ಲ ಎಂದರ್ಥ. ಮಸಿಯೂ ಇರಬಹುದು, ಮೋಟಾರೂ ಇರಬಹುದು.

ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕ ರೀಡರ್ ಸಿಗುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಆಯಿತು. ಸ್ಪ್ಯಾನರಿಗಿಂತ ಮೊದಲು ಅದನ್ನು ಕೊಳ್ಳಿ.

## ಕೈ ಹಾಕುವಾಗ

ಏನೇನು ಸಾಮಾನು ಜೋಡಿಸ್ಕೋಬೇಕು?

10, 12, 13ರ ಸ್ಪ್ಯಾನರ್ ಮತ್ತು ಸಾಕೆಟ್, ಬೇರೆ ತಲೆಯ ಸ್ಕ್ರೂ ಇದ್ದರೆ ಅದಕ್ಕೆ ತಕ್ಕ ಬಿಟ್. ತುಕ್ಕು ಬಿಡಿಸುವ ಸ್ಪ್ರೇ, ಕಾರ್ಬ್ಯುರೇಟರ್ ಕ್ಲೀನರ್ ಒಂದು ಡಬ್ಬಿ, ಹಳೇ ಟೂತ್‌ಬ್ರಷ್ ಎರಡು, ವೇಸ್ಟ್ ಬಟ್ಟೆ, ಅಗಲದ ತಟ್ಟೆ. ಕೆರೆಯುವುದಕ್ಕೆ ನಾನು ಅಡಿಕೆ ದಬ್ಬೆಯನ್ನು ತೆಳ್ಳಗೆ ಸೀಳಿ ಚೂಪು ಮಾಡಿಕೊಳ್ಳುತ್ತೇನೆ. ಗಟ್ಟಿ ಇರುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಹೊಸ ಗ್ಯಾಸ್ಕೆಟ್ (ಸಂದಿಯಲ್ಲಿ ಹೊಗೆ ಸೋರದಂತೆ ಕೂರಿಸುವ ಪದರ) ಮೊದಲೇ ತಂದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಹಾಸನಕ್ಕೆ ಓಡುವುದಕ್ಕೆ ಗಾಡಿ ಇರುವುದಿಲ್ಲ!

ಕೈಗವಸು, ಮಾಸ್ಕ್ ಬಿಡಬೇಡಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ನೀವು ಕೆರೆಯುವುದು ಅದೇ ಹೊಗೆಯ ಮಸಿ. ಶೆಡ್ಡಿನ ಒಳಗೆ ಬೇಡ, ಅಂಗಳದಲ್ಲಿ ಕೂತು ಮಾಡಿ.

ಬಿಚ್ಚೋದು ಹೇಗೆ ಅಂತ ಒಂದ್ಸಲ ಪೂರ್ತಿ ಹೇಳಿ.

ಗಾಡಿ ರಾತ್ರಿಯಿಡೀ ನಿಂತಿರಬೇಕು. ಬಿಸಿ ಇಂಜಿನ್ನಿನಲ್ಲಿ ಈ ಭಾಗ ಮುಟ್ಟಿದರೆ ಬೊಬ್ಬೆ ಗ್ಯಾರಂಟಿ. ಹಿಂದಿನ ಸಂಜೆಯೇ ಬೋಲ್ಟುಗಳಿಗೆ ತುಕ್ಕಿನ ಸ್ಪ್ರೇ ಹೊಡೆದಿಡಿ.

ಬೆಳಿಗ್ಗೆ ಬ್ಯಾಟರಿಯ ಮೈನಸ್ ವೈರು ತೆಗೆಯಿರಿ. ಆಮೇಲೆ ಮೊಬೈಲಿನಲ್ಲಿ ಫೋಟೋ: ಎಡದಿಂದ, ಬಲದಿಂದ, ಮೇಲಿಂದ. ಯಾವ ಪೈಪು ಎಲ್ಲಿಗೆ ಅನ್ನುವುದು ಮಧ್ಯಾಹ್ನದ ಊಟದ ಹೊತ್ತಿಗೆ ಮರೆತುಹೋಗಿರುತ್ತದೆ. ಕನೆಕ್ಟರ್ ಬಿಡಿಸುವಾಗ ಅದರ ಲಾಕ್ ಒತ್ತಿ ಪ್ಲಾಸ್ಟಿಕ್ಕನ್ನೇ ಹಿಡಿದು ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ಹಳೇ ಮಾದರಿಯಲ್ಲಿ ಕನೆಕ್ಟರ್ ಬದಲು ತೆಳ್ಳನೆ ವ್ಯಾಕ್ಯೂಮ್ ಪೈಪು ಇರುತ್ತದೆ. ಅದು ಬಿಸಿಗೆ ಒಣಗಿ ಬಿರುಕು ಬಿಟ್ಟಿದೆಯಾ ನೋಡಿ. ಎಷ್ಟೋ ಸಲ ಕಾಯಿಲೆ ಅಲ್ಲೇ ಮುಗಿಯುತ್ತದೆ.

ವಾಲ್ವಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಬೋಲ್ಟು. ಬಿಗಿ ಇದ್ದರೆ ಸ್ವಲ್ಪ ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಕೂರುವ ಜಾಗ ಅಲ್ಯೂಮಿನಿಯಂ ಆಗಿದ್ದರೆ ಮರೆ (ಥ್ರೆಡ್) ಹೋಗುವುದು ಸುಲಭ, ಬೋಲ್ಟು ತುಂಡಾದರೆ ಲೇತಿನವನ ಮನೆಗೇ ದಾರಿ. ತಿರುಗಲೇ ಇಲ್ಲ ಅಂದರೆ ನಿಲ್ಲಿಸಿ. ಸುತ್ತಿಗೆ ಮುಟ್ಟಬೇಡಿ.

ವಾಲ್ವ್ ಹೊರಗೆ ಬಂದ ತಕ್ಷಣ ಇಂಜಿನ್ ಕಡೆಯ ಬಾಯಿಗೆ ಒಂದು ದೊಡ್ಡ ಬಟ್ಟೆ ತುರುಕಿ, ತುದಿ ಹೊರಗೆ ಕಾಣುವ ಹಾಗೆ. ಒಂದೇ ಬಟ್ಟೆ, ದೊಡ್ಡದು. ನಾನೊಮ್ಮೆ ಚಿಕ್ಕ ಚಿಕ್ಕ ತುಂಡು ತುರುಕಿ, ಹಾಕಿದ್ದು ಮೂರೋ ನಾಲ್ಕೋ ಎಂದು ಗೊತ್ತಾಗದೆ ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿದ್ದೇನೆ. ಇದ್ದದ್ದು ಮೂರೇ.

ತೊಳೆಯೋದಕ್ಕೆ ಪೆಟ್ರೋಲ್ ಸಾಕಲ್ವಾ? ಸುಮ್ನೆ ಸ್ಪ್ರೇಗೆ ಯಾಕೆ ದುಡ್ಡು?

ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ನೆಲದ ಮೇಲೆ ಹರಡಿ, ಎಲ್ಲೋ ಇರುವ ಒಲೆಯ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ದುಡ್ಡು ಉಳಿಸಲೇಬೇಕಾದರೆ ಲೋಹದ ಭಾಗವನ್ನು ಮಾತ್ರ ಡೀಸೆಲ್‌ನಲ್ಲಿ ನೆನೆಸಿಡಿ. ನಿಧಾನ, ಆದರೆ ಕೆಲಸ ಆಗುತ್ತದೆ. ಸ್ಪ್ರೇಯೂ ಬೆಂಕಿಗೆ ಹತ್ತುವಂಥದ್ದೇ, ಬೀಡಿ ಪಕ್ಕಕ್ಕಿಡಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಅದನ್ನು ತರಲೇಬೇಡಿ.

ತೊಳೆಯುವಾಗ ಒಂದೇ ನಿಯಮ. ಮೋಟಾರ್ ಇರುವ ಭಾಗ ಮೇಲೆ, ಮಸಿಯ ಬಾಯಿ ಕೆಳಗೆ. ದ್ರವ ಮೋಟಾರ್ ಕಡೆ ಹರಿದರೆ ತೊಳೆಯಲು ಹೋಗಿ ಕೊಂದ ಹಾಗೆ. ಸ್ಪ್ರೇ ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ದಬ್ಬೆಯಿಂದ ದಪ್ಪ ಪದರ ಎಬ್ಬಿಸಿ, ಬ್ರಷ್‌ನಿಂದ ಉಜ್ಜಿ, ಮತ್ತೆ ಸ್ಪ್ರೇ. ಮೂರು ನಾಲ್ಕು ಸುತ್ತು ಬೇಕು. ವಾಲ್ವಿನ ತಟ್ಟೆ ಕೂರುವ ಅಂಚನ್ನು ಬ್ರಷ್‌ನಿಂದ ಮಾತ್ರ. ಅಲ್ಲಿ ಉಪ್ಪಿನ ಕಾಗದ ಹಾಕಿದರೆ ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಸ್ಪ್ರಿಂಗ್ ಇರುವ ಮಾದರಿಯಾದರೆ ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ಟಕ್ ಎಂದು ವಾಪಸ್ ಬಂದರೆ ಗೆದ್ದಿರಿ. ಗೇರ್ ಇರುವ ಮೋಟಾರ್ ಮಾದರಿಯನ್ನು ಬಲವಂತದಿಂದ ತಿರುಗಿಸಬೇಡಿ, ಒಳಗಿನ ಹಲ್ಲು ಪ್ಲಾಸ್ಟಿಕ್ಕಿನದ್ದಿರುತ್ತದೆ.

ಹೊಸದರಂತೆ ಹೊಳೆಯಬೇಕೆಂದು ಹಟ ಬೇಡ. ಅಂಟು ಹೋಗಿ, ವಾಲ್ವಿನ ತಟ್ಟೆ ಸರಿಯಾಗಿ ಕೂತರೆ ಸಾಕು. ತೊಳೆಯಲು ಇಟ್ಟ ಅಗಲದ ತಟ್ಟೆಯಲ್ಲಿ ಉಳಿದ ಕಪ್ಪು ರಾಡಿಯನ್ನು ಹಳ್ಳಕ್ಕೆ ಚೆಲ್ಲಬೇಡಿ. ನಮ್ಮ ಹಳ್ಳಗಳ ನೀರು ಹೇಮಾವತಿಗೋ ಭದ್ರೆಗೋ ಸೇರುವಂಥದ್ದು. ಡಬ್ಬಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಬಿಚ್ಚದೇನೇ ಇಂಜಿನ್ ಆನ್ ಮಾಡಿ ಪೈಪಿಗೆ ಸ್ಪ್ರೇ ಹೊಡೆದ್ರೆ ಆಗಲ್ವಾ?

ಡೀಸೆಲ್ ಇಂಜಿನ್ನಿಗೆ ಸ್ಪ್ರೇಯೂ ಇಂಧನವೇ. ಜಾಸ್ತಿ ಹೋದರೆ ಪೆಡಲ್ ಮುಟ್ಟದೆಯೇ ಇಂಜಿನ್ ಏರಿ ಏರಿ ಕೂಗಬಹುದು, ಕೀ ತಿರುಗಿಸಿದರೂ ನಿಲ್ಲದಿರಬಹುದು. ಅಲ್ಲದೆ ಎದ್ದ ಮಸಿ ಗಡ್ಡೆ ಸಿಲಿಂಡರಿಗೇ ಹೋಗುತ್ತದೆ. ಇದಕ್ಕೆಂದೇ ತಯಾರಿಸಿದ, ಡೀಸೆಲ್‌ಗೆ ಎಂದು ಬರೆದಿರುವ ಸ್ಪ್ರೇಗಳಿವೆ. ಡಬ್ಬಿಯ ಮೇಲಿನ ಸೂಚನೆಯಂತೆ ಬಳಸಿದರೆ ತೆಳು ಮಸಿಗೆ ಅಷ್ಟಿಷ್ಟು ಗುಣ. ಜೋನಿಬೆಲ್ಲಕ್ಕೆ ಸಾಲದು.

ಹಳೇ ಗ್ಯಾಸ್ಕೆಟ್ ಚೆನ್ನಾಗೇ ಇದೆ, ಅದನ್ನೇ ಹಾಕ್ಲಾ?

ಬೇಡ. ಒಮ್ಮೆ ಅದುಮಿದ ಗ್ಯಾಸ್ಕೆಟ್ ಎರಡನೇ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಅಲ್ಲಿ ಹೊಗೆ ಸೋರಿದರೆ ಚಿಕ್ ಚಿಕ್ ಶಬ್ದ, ಕ್ಯಾಬಿನ್ ಒಳಗೆ ಹೊಗೆ ವಾಸನೆ.

ಎಲ್ಲಾ ವಾಪಸ್ ಹಾಕಿದೆ, ಆದ್ರೂ ಲೈಟು ಹೋಗಿಲ್ಲ. ಎಡವಟ್ಟು ಮಾಡಿದ್ನಾ?

ಗಾಬರಿ ಬೇಡ. ತೊಳೆದ ವಾಲ್ವ್ ಪೂರ್ತಿ ಒಣಗಿದ ಮೇಲೆ ಹಾಕಿ, ಬೋಲ್ಟುಗಳನ್ನು ಎದುರುಬದಿರಾಗಿ ಸಮನಾಗಿ ಬಿಗಿ ಮಾಡಿದ್ದೀರಿ, ಕನೆಕ್ಟರ್ ಕ್ಲಿಕ್ ಎಂದಿದೆ ಅಂದುಕೊಳ್ಳೋಣ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಅರ್ಧ ನಿಮಿಷ ಬಿಡಿ, ಆಫ್ ಮಾಡಿ. ಕೆಲವು ಗಾಡಿಗಳಲ್ಲಿ ವಾಲ್ವ್ ತನ್ನ ಹೊಸ ಅಳತೆಯನ್ನು ಇದರಲ್ಲೇ ಕಲಿತುಕೊಳ್ಳುತ್ತದೆ. ಇನ್ನು ಕೆಲವಕ್ಕೆ ಸ್ಕ್ಯಾನರ್ ಹಾಕಿಯೇ ಕಲಿಸಬೇಕು. ಹಳೇ ಕೋಡನ್ನು ರೀಡರಿನಿಂದ ಅಳಿಸಿ. ಅಳಿಸದಿದ್ದರೂ ಕೆಲವು ಓಡಾಟದ ನಂತರ ಲೈಟು ತಾನಾಗಿಯೇ ಹೋಗಬಹುದು. ಮೊದಲ ಸ್ಟಾರ್ಟಿಗೆ ಸ್ವಲ್ಪ ಹೊಗೆ ಬಂದರೆ ಅದು ಉಳಿದ ಸ್ಪ್ರೇ.

## ಇನ್ನೂ ಒಳಕ್ಕೆ

ಇಜಿಆರ್ ದಾರಿಗೆ ಒಂದು ತಟ್ಟೆ ಹಾಕಿ ಪೂರ್ತಿ ಮುಚ್ಚಿಬಿಡಿ, ಮತ್ತೆ ತಲೆನೋವೇ ಇಲ್ಲ ಅಂತ ಮೇಸ್ತ್ರಿ ಹೇಳ್ತಾರಲ್ಲ?

ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಮುಚ್ಚಿದರೆ ಮಸಿ ಕಟ್ಟುವುದಿಲ್ಲ, ಎಳೆತವೂ ಚೂರು ಚೆನ್ನಾಗಿದೆ ಅನ್ನಿಸುತ್ತದೆ. ಇನ್ನರ್ಧ ಅವರು ಹೇಳುವುದಿಲ್ಲ. ಉರಿಯ ಬಿಸಿ ಏರುತ್ತದೆ, ನೈಟ್ರೋಜನ್ ಆಕ್ಸೈಡ್ ಜಾಸ್ತಿಯಾಗುತ್ತದೆ. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಅದನ್ನು ಹಿಡಿದು ಲೈಟು ಹಚ್ಚಿ, ಎಳೆತವನ್ನೇ ಕಡಿಮೆ ಮಾಡಬಹುದು. ವಾರಂಟಿ ಇದ್ದರೆ ಅದಕ್ಕೂ ಕುತ್ತು. ಹೊಗೆ ನಿಯಂತ್ರಣದ ಭಾಗ ಕಿತ್ತು ಓಡಿಸುವುದು ಕಾನೂನಿಗೂ ವಿರುದ್ಧ. ಮಾಲಿನ್ಯದ ಮಿತಿ ಮೀರಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿವರೆಗೆ ಇದೆ.

ಹೊಗೆ ತಪಾಸಣೆಯ ಪಿಯುಸಿಯಲ್ಲಿ ಸಿಕ್ಕಿಬೀಳಲ್ಲ ಬಿಡಿ ಎನ್ನುವವರಿದ್ದಾರೆ. ನಿಜ, ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು, ಈ ಅನಿಲವನ್ನಲ್ಲ. ಆದರೆ ಮೂಟೆ ಇಳಿಸುವಾಗ ಸೈಲೆನ್ಸರ್ ಹಿಂದೆ ನಿಂತು ಅದನ್ನು ಕುಡಿಯುವವರು ನಮ್ಮ ಆಳುಗಳೇ. ನಾನು ಮುಚ್ಚುವುದಿಲ್ಲ, ಮುಚ್ಚಿ ಎಂದು ಯಾರಿಗೂ ಹೇಳುವುದಿಲ್ಲ.

ವಾಲ್ವ್ ತೊಳೆದೆ. ಅದರಾಚೆ ಮ್ಯಾನಿಫೋಲ್ಡ್ ಒಳಗೂ ಕಪ್ಪು ಕಾಣ್ತಿದೆ. ಅದನ್ನೂ ಬಿಚ್ಚಬೇಕಾ?

ಮ್ಯಾನಿಫೋಲ್ಡ್ ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ. ಟಾರ್ಚ್ ಹಾಕಿ ನೋಡಿ. ತೆಳ್ಳನೆ ಪದರ ಇದ್ದರೆ ಬಿಡಿ, ಅದು ಇದ್ದೇ ಇರುತ್ತದೆ. ದಾರಿ ಅರ್ಧಕ್ಕರ್ಧ ಕಟ್ಟಿದ್ದರೆ ಬಿಚ್ಚಬೇಕು. ಇಂಜಿನ್ ಮೇಲೆ ಇದ್ದ ಹಾಗೇ ಕೆರೆಯುವ ಆಸೆಗೆ ಬೀಳಬೇಡಿ. ಗಟ್ಟಿ ಚೂರು ಒಳಕ್ಕೆ ಬಿದ್ದರೆ ಇಂಜಿನ್ ವಾಲ್ವಿನ ಕೆಳಗೆ ಸಿಕ್ಕಿಕೊಳ್ಳಬಹುದು. ಮ್ಯಾನಿಫೋಲ್ಡ್ ಬಿಚ್ಚಲು ಕೆಲವು ಇಂಜಿನ್‌ಗಳಲ್ಲಿ ಡೀಸೆಲ್‌ನ ಹೈ ಪ್ರೆಷರ್ ಪೈಪು ಮುಟ್ಟಬೇಕಾಗುತ್ತದೆ. ನಾನು ಕೈಚೆಲ್ಲುವುದು ಅಲ್ಲೇ. ಅಂಥ ಗಾಡಿಯನ್ನು ತಿಳಿದವರ ಹತ್ತಿರ ಒಯ್ಯಿರಿ.

ಕೂಲಂಟ್ ತಿಂಗಳಿಗೊಮ್ಮೆ ಹಾಕ್ತಾ ಇದ್ದೀನಿ, ಕೆಳಗೆ ಒಂದು ಹನಿ ಬಿದ್ದಿಲ್ಲ. ಇದಕ್ಕೂ ಇಜಿಆರ್‌ಗೂ ಸಂಬಂಧ ಇದ್ಯಾ?

ಇರಬಹುದು, ಇದನ್ನು ಮುಂದೂಡಬೇಡಿ. ಹೊಗೆ ವಾಪಸ್ ಹೋಗುವ ಮೊದಲು ಅದನ್ನು ತಣ್ಣಗೆ ಮಾಡಲು ಇಜಿಆರ್ ಕೂಲರ್ ಇರುತ್ತದೆ. ಒಳಗೆ ಹೊಗೆ, ಸುತ್ತ ಕೂಲಂಟ್. ಒಳಗಿನ ಗೋಡೆ ಬಿರುಕು ಬಿಟ್ಟರೆ ಕೂಲಂಟ್ ಇಂಜಿನ್ನಿಗೇ ಹೋಗಿ ಬಿಳಿ ಆವಿಯಾಗಿ ಹೊರಬರುತ್ತದೆ. ವಾಲ್ವ್ ಬಿಚ್ಚಿದಾಗ ಮಸಿ ಒದ್ದೆಯಾಗಿ, ಒಂಥರಾ ಸಿಹಿ ವಾಸನೆ ಬಂದರೆ ಅನುಮಾನ ಗಟ್ಟಿ. ಜಾಸ್ತಿ ಸೋರಿ ಸಿಲಿಂಡರಿನಲ್ಲಿ ನಿಂತರೆ, ಸ್ಟಾರ್ಟ್ ಮಾಡುವಾಗ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡೇ ಬಾಗಬಹುದು. ಗಾಡಿ ಓಡಿಸದೆ ಪ್ರೆಷರ್ ಟೆಸ್ಟ್ ಮಾಡಿಸಿ. ಕೆಳಗೆ ಚೆಲ್ಲಿದ ಕೂಲಂಟನ್ನು ನಾಯಿ ನೆಕ್ಕಲು ಬಿಡಬೇಡಿ, ವಿಷ.

ನಮ್ದು ಬಿಎಸ್6 ಗಾಡಿ. ಇದೇ ರೀತಿ ತೊಳೀಬಹುದಾ?

ತತ್ವ ಅದೇ, ಆದರೆ ಸುತ್ತ ಸೆನ್ಸರ್ ಜಾಸ್ತಿ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುತ್ತದೆ. ಇಜಿಆರ್ ಕೆಟ್ಟು ಮಸಿ ಜಾಸ್ತಿಯಾದರೆ ಅದೂ ಬೇಗ ಕಟ್ಟುತ್ತದೆ. ಕೆಲವು ಇಂಜಿನ್‌ಗಳಲ್ಲಿ ಇಜಿಆರ್ ದಾರಿಯೇ ಎರಡು. ಒಂದು ಟರ್ಬೋಗಿಂತ ಮೊದಲೇ ಹೊಗೆ ತೆಗೆದುಕೊಳ್ಳುತ್ತದೆ, ಇನ್ನೊಂದು ಡಿಪಿಎಫ್ ದಾಟಿದ ಮೇಲೆ. ಎರಡನೆಯದರಲ್ಲಿ ಮಸಿ ಕಡಿಮೆ. ವಾರಂಟಿ ಮುಗಿಯುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಮತ್ತೆ ಕಟ್ಟದ ಹಾಗೆ ಏನು ಮಾಡ್ಬೇಕು? ಎಷ್ಟು ಕಿಲೋಮೀಟರಿಗೆ ತೊಳೀಬೇಕು?

ಕಿಲೋಮೀಟರ್ ಲೆಕ್ಕ ತೋಟದ ಗಾಡಿಗೆ ಹೊಂದುವುದಿಲ್ಲ. ನಾನು ಎರಡು ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ ಬಿಚ್ಚಿ ನೋಡುತ್ತೇನೆ. ಮೂಟೆ ಹೇರುವಾಗ ಇಂಜಿನ್ ಆಫ್ ಮಾಡುವುದು ಎಲ್ಲಕ್ಕಿಂತ ದೊಡ್ಡ ಔಷಧಿ. ವಾರಕ್ಕೊಮ್ಮೆ ಚಿಕ್ಕಮಗಳೂರಿಗೋ ಬೇಲೂರಿಗೋ ಹೋಗುವ ಕೆಲಸ ಇದ್ದರೆ ಜೀಪಿನಲ್ಲೇ ಹೋಗಿ, ಇಂಜಿನ್ ಚೆನ್ನಾಗಿ ಕಾಯಲಿ. ಏರಿನಲ್ಲಿ ಮೇಲಿನ ಗೇರಿನಲ್ಲಿ ಉಸಿರುಗಟ್ಟಿಸಬೇಡಿ, ಒಂದು ಗೇರ್ ಇಳಿಸಿ ಓಡಿಸಿ. ಹೊತ್ತಿಗೆ ಸರಿಯಾಗಿ ಆಯಿಲ್, ಏರ್ ಫಿಲ್ಟರ್ ಬದಲಿಸಿ. ಡಿಪಿಎಫ್ ಇದ್ದರೆ ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು.

ಎರಡು ಸಲ ತೊಳೆದೆ, ಹೊಸ ಗ್ಯಾಸ್ಕೆಟ್ ಹಾಕಿದೆ, ಒಂದು ವಾರಕ್ಕೆ ಮತ್ತೆ ಲೈಟು. ಹೊಸ ವಾಲ್ವೇ ತರ್ಲಾ ಅಣ್ಣಾ?

ತರುವ ಮೊದಲು ಕೋಡ್ ಓದಿ. ಈ ಪ್ರಶ್ನೆ ಮೂಡಿಗೆರೆ ಕಡೆಯ ಒಬ್ಬ ಹುಡುಗನದು. ಮೊದಲ ಸಲ ಗ್ಯಾರೇಜಿನಲ್ಲಿ ಯಾವ ಕೋಡ್ ಬಂತು ಎಂದು ಅವನು ಕೇಳಿರಲೇ ಇಲ್ಲ. ರೀಡರ್ ಚುಚ್ಚಿದರೆ ಪಿ0403. ವಾಲ್ವ್ ಅಲ್ಲಿಯೇ ಬಿಟ್ಟು ಕನೆಕ್ಟರಿನಿಂದ ಹಿಂದಕ್ಕೆ ವೈರಿನ ಮೇಲೆ ಕೈಯಾಡಿಸುತ್ತಾ ಹೋದೆವು. ಬ್ಯಾಟರಿ ಟ್ರೇ ಹಿಂದೆ, ಕಣ್ಣಿಗೆ ಕಾಣದ ಮೂಲೆಯಲ್ಲಿ, ಹುಲ್ಲು, ಬಟ್ಟೆ ಚೂರು, ನಾಲ್ಕೈದು ಅಡಿಕೆ ಸಿಪ್ಪೆ. ಇಲಿ ಗೂಡು. ಮಳೆಗಾಲ ಪೂರ್ತಿ ಬಾನೆಟ್ಟಿನ ಬಿಸಿಯಲ್ಲಿ ಸಂಸಾರ ಮಾಡಿತ್ತು. ಎರಡು ವೈರಿನ ಸಿಪ್ಪೆ ತಿಂದಿತ್ತು, ಅದರಲ್ಲಿ ಒಂದು ವೈರು ಒಂದೇ ತಾಮ್ರದ ಎಳೆಯಲ್ಲಿ ನಿಂತಿತ್ತು. ಗುಂಡಿಗೆ ಇಳಿದಾಗ ಅದು ಅಲ್ಲಾಡಿ ಲೈಟು ಹತ್ತುತ್ತಿತ್ತು. ವೈರು ಬೆಸೆದು, ಸ್ಲೀವ್ ಹಾಕಿ, ಕೋಡ್ ಅಳಿಸಿದೆವು. ವಾಲ್ವ್ ಅಂತೂ ಎರಡು ಸಲ ತೊಳೆದು ಫಳಫಳ ಅನ್ನುತ್ತಿತ್ತು.